ಹತ್ತು ಸಾವಿರ ಹೆಜ್ಜೆಯ ಲೆಕ್ಕ

ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೂರನೇ ವಾರ ಅಮ್ಮನ ಮೊಬೈಲು ಹೇಳಿತು: ‘ಇನ್ನೂ 9,400 ಹೆಜ್ಜೆ ಬಾಕಿ.’ ಅಮ್ಮ ಪೆಚ್ಚಾಗಿ ಕೂತಳು.

ಈ ಗುರಿ ಎಲ್ಲಿಯದೆಂದು ಹುಡುಕಿದೆ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಾಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವೊಂದನ್ನು ಮಾರುಕಟ್ಟೆಗೆ ತಂದಿತು. ಹೆಸರು ‘ಮಾನ್‌ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾರಾಟಕ್ಕೆ ಒಪ್ಪುವ ದುಂಡು ಸಂಖ್ಯೆ ಅದು. ಮಂಡಿಯ ರೋಗಿಗಳನ್ನು ನೋಡಿ ಇಟ್ಟದ್ದಲ್ಲ. ಅದೇ ಇಂದು ಫೋನುಗಳೊಳಗೆ ಆರೋಗ್ಯದ ನಿಯಮವಾಗಿ ಕೂತಿದೆ.

ಫಿಸಿಯೋಥೆರಪಿಸ್ಟ್ ಹೇಳಿದಂತೆ ಗುರಿ ಬದಲಿಸಿದೆವು: ಕಳೆದ ವಾರದ ಸರಾಸರಿಗಿಂತ ತುಸು ಹೆಚ್ಚು, ಮಂಡಿ ಊದಿಕೊಂಡರೆ ಕಡಿಮೆ. ಮರುದಿನ ಸಂಜೆ ‘ಗುರಿ ಮುಟ್ಟಿದಿರಿ’ ಎಂದಿತು ಮೊಬೈಲು. ಅಮ್ಮ ಅದನ್ನು ಪಕ್ಕದ ಮನೆಯವರಿಗೂ ತೋರಿಸಿದಳು.