ಅಂಗಿಯೊಳಗಿನ ಚೀಟಿ

ಕಳೆದ ವರ್ಷ ನನ್ನ ಸೋದರಮಾವನಿಗೆ ಅರವತ್ತು ತುಂಬಿತು. ಶಿವಮೊಗ್ಗದ ಅವರ ಮನೆಗೆ ಹೋಗುವಾಗ ಏನು ಒಯ್ಯುವುದೆಂದು ಬಹಳ ಯೋಚಿಸಿ, ಕೊನೆಗೆ ಒಂದು ಹಳೆಯ ಫುಟ್‌ಬಾಲ್ ಜೆರ್ಸಿ ತರಿಸಿದೆ. 1990ರ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಯ ಅಂಗಿ ಅದು. ಆ ಫೈನಲ್ ಪಂದ್ಯದ ಕಥೆಯನ್ನು ಮಾವ ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಜುಲೈ 8, ಭಾನುವಾರ. ರೋಮ್‌ನಲ್ಲಿ ಪಂದ್ಯ ಶುರುವಾದಾಗ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ದೂರದರ್ಶನ ನೋಡಲು ಅಕ್ಕಪಕ್ಕದ ಹುಡುಗರೆಲ್ಲ ಬಂದು ಕೂತಿದ್ದರಂತೆ. 85ನೇ ನಿಮಿಷದಲ್ಲಿ ಆಂಡ್ರಿಯಾಸ್ ಬ್ರೆಮೆ ಪೆನಾಲ್ಟಿ ಹೊಡೆದಾಗ, ಮರಡೋನಾನ ಅಭಿಮಾನಿಯಾದ ಮಾವ ಎದ್ದು ಹೊರಗೆ ಹೋಗಿಬಿಟ್ಟರಂತೆ.

ಅಂಗಿಯನ್ನು ಬಿಡಿಸಿ ಹಿಡಿದು ಮಾವ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. “ಇಷ್ಟೊಂದು ಬಣ್ಣ ಇತ್ತೇನೋ ಇದಕ್ಕೆ? ನಾವು ನೋಡಿದ್ದು ಬರೀ ಬೂದು ಪಟ್ಟಿ ಕಣೋ” ಎಂದರು. ಅವರ ಮನೆಯಲ್ಲಿದ್ದದ್ದು ಕಪ್ಪು ಬಿಳುಪು ಟೀವಿ.

ಆ ರಾತ್ರಿ ಅಂಗಿಯನ್ನು ಮಡಚಿಡುವಾಗ ಪಕ್ಕದ ಹೊಲಿಗೆಯ ಒಳಗಿದ್ದ ಚಿಕ್ಕ ಚೀಟಿ ಕಣ್ಣಿಗೆ ಬಿತ್ತು. ಅದರ ಮೇಲೆ ಒಂದು ಉತ್ಪನ್ನ ಸಂಖ್ಯೆ. ಕುತೂಹಲಕ್ಕೆ ಫೋನಿನಲ್ಲಿ ಹುಡುಕಿದೆ. ಆ ಸಂಖ್ಯೆ ಬೇರೊಂದು ಅಂಗಿಯದು, ಅದೂ ಎರಡು ದಶಕ ಈಚಿನದು. ಫೆಲೋಶಿಪ್ ಹಣದಲ್ಲಿ ಒಂಬತ್ತು ಸಾವಿರ ಕೊಟ್ಟು ನಾನು ಕೊಂಡದ್ದು ನಕಲಿ. ತಾಮ್ರಪಟಗಳ ಮೇಲೆ ಸಂಶೋಧನೆ ಮಾಡುವ, ಅಸಲಿ ಯಾವುದು ನಕಲಿ ಯಾವುದು ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವ ನನಗೇ ಹೀಗಾಯಿತಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಹಳೆಯ ಜೆರ್ಸಿಗಳ ಬಗ್ಗೆ ಓದತೊಡಗಿದೆ. ಓದುತ್ತ ಹೋದಂತೆ, ತೊಂಬತ್ತರ ದಶಕದ ಮೊದಲ ವರ್ಷಗಳ ಈ ಅಂಗಿಗಳನ್ನು ಜನ ಯಾಕೆ ಇಷ್ಟು ಆಸೆಯಿಂದ ಕೂಡಿಡುತ್ತಾರೆ ಎನ್ನುವುದಕ್ಕೆ ಹಳೆಯ ನೆನಪಿನ ಹಂಬಲ ಒಂದೇ ಕಾರಣವಲ್ಲ ಅನ್ನಿಸಿತು. ಒಂದು ಕಾಲ ಬದಲಾದದ್ದಕ್ಕೆ ಅವು ಬಟ್ಟೆಯಲ್ಲಿ ಉಳಿದ ದಾಖಲೆ.

ಮಾವನ ಅಂಗಿಯ ಮೂಲದಿಂದಲೇ ಆರಂಭಿಸೋಣ. ಅಡಿಡಾಸ್ ಕಂಪನಿಗಾಗಿ ಅದನ್ನು ವಿನ್ಯಾಸ ಮಾಡಿದವರು ಇನಾ ಫ್ರಾಂಟ್ಸ್‌ಮನ್ ಎಂಬ ಮಹಿಳೆ. ಅಂಗಿ ಮೊದಲು ಕಾಣಿಸಿಕೊಂಡದ್ದು 1988ರ ಯೂರೋ ಕಪ್‌ನಲ್ಲಿ. ಬಿಳಿ ಅಂಗಿ, ಎದೆಯ ಮೇಲೆ ಏರಿಳಿದು ಸಾಗುವ ಕಪ್ಪು, ಕೆಂಪು, ಹೊನ್ನಿನ ಪಟ್ಟಿ. ಎರಡನೆಯ ಮಹಾಯುದ್ಧದ ನಂತರದ ಜರ್ಮನ್ನರು ತಮ್ಮ ಬಾವುಟವನ್ನು ಮೆರೆಸಲು ಹಿಂಜರಿಯುತ್ತಿದ್ದ ಜನ. ತಂಡದ ಅಂಗಿಯ ಮೇಲೆ ಬಾವುಟದ ಬಣ್ಣಗಳು ಇಷ್ಟು ಧಾರಾಳವಾಗಿ ಬಂದದ್ದು ಅದಕ್ಕೇ ದೊಡ್ಡ ಸಂಗತಿ. ಆ ಮೂರು ಬಣ್ಣ 1848ರ ಕ್ರಾಂತಿಯ ಕಾಲದವು, ವೈಮಾರ್ ಗಣರಾಜ್ಯದವು. ಹಿಟ್ಲರನ ಆಡಳಿತ ಅವನ್ನು ಕಿತ್ತುಹಾಕಿತ್ತು. ಪೂರ್ವ ಜರ್ಮನಿಯ ಬಾವುಟದಲ್ಲೂ ಇದ್ದದ್ದು ಇವೇ ಬಣ್ಣಗಳು. ನಡುವೆ ಸುತ್ತಿಗೆ ಮತ್ತು ಕೈವಾರದ ಲಾಂಛನವಿತ್ತು ಅಷ್ಟೆ. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆದ ಆ ದಿನಗಳಲ್ಲಿ ಜನ ಲಾಂಛನವನ್ನು ಕತ್ತರಿಸಿ ತೆಗೆದು, ನಡುವೆ ತೂತಿದ್ದ ಬಾವುಟಗಳನ್ನೇ ಹಿಡಿದು ಬೀದಿಗಿಳಿದರು. ಗೋಡೆ ಬೀಳುವುದಕ್ಕೆ ಒಂದೂವರೆ ವರ್ಷ ಮೊದಲೇ ಬಂದ ಅಂಗಿ, ಹೀಗೆ ತನಗೆ ಗೊತ್ತಿಲ್ಲದೆಯೇ ಎರಡೂ ಕಡೆಯವರ ಬಣ್ಣ ಹೊತ್ತು ನಿಂತಿತ್ತು. ವಿಶ್ವಕಪ್ ಗೆದ್ದದ್ದು ಜುಲೈನಲ್ಲಿ, ದೇಶ ಒಂದಾದದ್ದು ಅಕ್ಟೋಬರ್ 3ರಂದು. ಪಶ್ಚಿಮ ಜರ್ಮನಿ ಎಂಬ ಹೆಸರಿನಲ್ಲಿ ಗೆದ್ದ ಕೊನೆಯ ಕಪ್ ಅದು.

ಇಂಥ ಅಂಗಿ ಹತ್ತು ವರ್ಷ ಮೊದಲು ಬರುವುದು ಕಷ್ಟವಿತ್ತು. ಹಳೆಯ ಅಂಗಿಗಳಲ್ಲಿ ಬಣ್ಣ ಬದಲಾಗಬೇಕಾದರೆ ನೂಲು ಬದಲಾಗಬೇಕು ಅಥವಾ ಬೇರೆ ತುಂಡು ಹೊಲಿಯಬೇಕು. ಆದ್ದರಿಂದ ಅಡ್ಡ ಪಟ್ಟಿ, ಉದ್ದ ಪಟ್ಟಿ, ಬೇರೆ ಬಣ್ಣದ ತೋಳು, ಇಷ್ಟರಲ್ಲೇ ವಿನ್ಯಾಸ ಮುಗಿಯುತ್ತಿತ್ತು. ಎಂಬತ್ತರ ದಶಕದ ಕೊನೆಗೆ ಸಬ್ಲಿಮೇಶನ್ ಎಂಬ ಮುದ್ರಣ ವಿಧಾನ ಕ್ರೀಡಾ ಉಡುಪಿಗೆ ವ್ಯಾಪಕವಾಗಿ ಬಂತು. ಮೊದಲು ಕಾಗದದ ಮೇಲೆ ಚಿತ್ರ ಅಚ್ಚು ಹಾಕಿ, ಅದನ್ನು ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಬಿಸಿ ಒತ್ತಡ ಕೊಟ್ಟರೆ, ಬಣ್ಣ ಕರಗದೆ ನೇರವಾಗಿ ಆವಿಯಾಗಿ ಎಳೆಯೊಳಕ್ಕೆ ಇಳಿಯುತ್ತದೆ. ಕೈಯಾಡಿಸಿದರೆ ಅಚ್ಚು ತಾಗುವುದಿಲ್ಲ, ಒಗೆದರೂ ಸುಲಭಕ್ಕೆ ಹೋಗುವುದಿಲ್ಲ. ಹತ್ತಿ ಬಟ್ಟೆಗೆ ಈ ವಿದ್ಯೆ ಹತ್ತುವುದಿಲ್ಲ. ಪಾಲಿಯೆಸ್ಟರ್ ಗೆದ್ದ ಮೇಲೆ ವಿನ್ಯಾಸಕಾರರಿಗೆ ಹಿಡಿತವೇ ಇಲ್ಲದಂತಾಯಿತು.

1991ರಿಂದ 93ರವರೆಗೆ ಆರ್ಸೆನಲ್ ತಂಡ ಹೊರಊರಿನ ಪಂದ್ಯಗಳಿಗೆ ತೊಟ್ಟ ಹಳದಿ ಅಂಗಿಯ ಮೇಲೆ ಕಪ್ಪು ಗರಗಸದ ಹಲ್ಲುಗಳಂಥ ಗೆರೆಗಳಿದ್ದವು. ಜನ ಅದಕ್ಕೆ ‘ಪೆಟ್ಟುಬಿದ್ದ ಬಾಳೆಹಣ್ಣು’ ಎಂದು ಹೆಸರಿಟ್ಟು ನಕ್ಕರು. ಹಲ್ ಸಿಟಿ ತಂಡದ ಅಡ್ಡಹೆಸರು ಹುಲಿಗಳು. 1992ರಲ್ಲಿ ಆ ತಂಡ ಹುಲಿಯ ಚರ್ಮವನ್ನೇ ಅಚ್ಚು ಹಾಕಿದಂಥ ಅಂಗಿ ತೊಟ್ಟು ಮೈದಾನಕ್ಕಿಳಿಯಿತು. ಚಿತ್ರ ನೋಡಿದರೆ ಮಂಗಳೂರಿನ ಹುಲಿವೇಷದವರು ಕಣ್ಣ ಮುಂದೆ ಬರುತ್ತಾರೆ, ತಾಸೆ ಡೋಲು ಒಂದೇ ಕಡಿಮೆ. ಆಗ ನಗೆಪಾಟಲಾದ ಈ ಅಂಗಿಗಳೇ ಇಂದು ಸಂಗ್ರಾಹಕರಿಗೆ ಬಲು ಪ್ರಿಯ. 2019ರಲ್ಲಿ ಅಡಿಡಾಸ್ ಮತ್ತೆ ಆರ್ಸೆನಲ್‌ಗೆ ಅಂಗಿ ಮಾಡಲು ಬಂದಾಗ, ಅದೇ ಬಾಳೆಹಣ್ಣಿನ ಮಾದರಿಯನ್ನು ಹೊಸದಾಗಿ ರೂಪಿಸಿ ಮಾರಿತು.

ವಿನ್ಯಾಸದ ಈ ಹುಚ್ಚಿನ ಹಿಂದೆ ತಂತ್ರಜ್ಞಾನದ ಜೊತೆಗೆ ಒಂದು ದುರಂತವೂ ಇದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಮಂದಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರು. 1990ರ ಜನವರಿಯಲ್ಲಿ ಬಂದ ಟೇಲರ್ ವರದಿ, ದೊಡ್ಡ ಮೈದಾನಗಳಲ್ಲಿ ನಿಂತು ನೋಡುವ ಕಟ್ಟೆಗಳನ್ನು ತೆಗೆದು ಎಲ್ಲರಿಗೂ ಆಸನ ಹಾಕಬೇಕೆಂದಿತು. ಅದಕ್ಕೆ ಹಣ ಬೇಕು. 1992ರ ಆಗಸ್ಟ್‌ನಲ್ಲಿ ಪ್ರೀಮಿಯರ್ ಲೀಗ್ ಶುರುವಾಯಿತು, ಟೀವಿ ಹಕ್ಕಿನ ದುಡ್ಡು ಹರಿಯಿತು. ಆಟಗಾರರ ಅಂಗಿಯಂಥದೇ ಅಂಗಿಯನ್ನು ಅಭಿಮಾನಿಗಳಿಗೆ ಮಾರುವುದು ಎಪ್ಪತ್ತರ ದಶಕದಿಂದಲೇ ಇತ್ತು, ಆಗ ಹೆಚ್ಚಾಗಿ ಮಕ್ಕಳು ಕೊಳ್ಳುತ್ತಿದ್ದರು. ಈಗ ದೊಡ್ಡವರೂ ಅದನ್ನು ತೊಟ್ಟು ಓಡಾಡತೊಡಗಿದರು. 1993–94ರ ಹಂಗಾಮಿನಿಂದ ಪ್ರೀಮಿಯರ್ ಲೀಗ್ ಅಂಗಿಗಳ ಬೆನ್ನಿಗೆ ಆಟಗಾರರ ಹೆಸರು ಬಂತು, ಇಡೀ ಹಂಗಾಮಿಗೆ ಒಂದೇ ಸಂಖ್ಯೆ ಬಂತು. ಅದಕ್ಕೆ ಮೊದಲು ಆ ದಿನ ಆಡಲಿಳಿದವರು 1ರಿಂದ 11ರವರೆಗಿನ ಸಂಖ್ಯೆ ಹಂಚಿಕೊಳ್ಳುತ್ತಿದ್ದರು. 9 ಎಂದರೆ ಮುಂದೆ ನಿಂತು ಗೋಲು ಹೊಡೆಯುವವನ ಜಾಗ, ಇವತ್ತು ಇವನು, ನಾಳೆ ಇನ್ನೊಬ್ಬ. ಹೆಸರು ಬಂದ ಮೇಲೆ ಅಂಗಿ ಆ ಆಟಗಾರನದೇ ಆಯಿತು. ಅವನು ತಂಡ ಬಿಟ್ಟರೆ ಅಭಿಮಾನಿ ಹೊಸದು ಕೊಳ್ಳಬೇಕಾಯಿತು.

ಇಟಲಿಯ ಫಿಯೊರೆಂಟಿನಾ ತಂಡದ ಒಂದು ಅಂಗಿಯ ಕಥೆ ನನ್ನನ್ನು ಬಹಳ ಕಾಡಿದ್ದು. 1992–93ರಲ್ಲಿ ಲೊಟ್ಟೊ ಕಂಪನಿ ಮಾಡಿಕೊಟ್ಟ ಬಿಳಿ ಅಂಗಿಯ ಮೇಲ್ಭಾಗದಲ್ಲಿ ನೇರಳೆ ಬಣ್ಣದ ಜ್ಯಾಮಿತಿಯ ಆಕೃತಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಹಂಗಾಮು ಶುರುವಾಗಿ ಕೆಲವು ತಿಂಗಳಾದ ಮೇಲೆ, ಗೆರೆಗಳು ಕೂಡುವ ಕಡೆ ಸ್ವಸ್ತಿಕ ಮೂಡಿದೆ ಎಂದು ಗದ್ದಲವೆದ್ದಿತು. ಅದು ಬೇಕೆಂದು ಮಾಡಿದ್ದಲ್ಲ, ಹೆಣಿಗೆಯಲ್ಲಿ ಆಕಸ್ಮಿಕವಾಗಿ ಮೂಡಿದ್ದು ಎಂದರೂ ಅಂಗಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಹೊಸ್ತಿಲಿನ ಮೇಲೆ, ಮದುವೆಯ ಕರೆಯೋಲೆಯ ಮೇಲೆ ಸ್ವಸ್ತಿಕ ನೋಡಿ ಬೆಳೆದ ನಮಗೆ ಈ ಗಾಬರಿ ಮೊದಲು ವಿಚಿತ್ರವೆನಿಸಬಹುದು. ಆದರೆ ಆ ಗುರುತಿನ ಕೆಳಗೆ ಮನೆಮಂದಿಯನ್ನೆಲ್ಲ ಕಳೆದುಕೊಂಡವರು ಯುರೋಪಿನಲ್ಲಿ ಆಗಲೂ ಬದುಕಿದ್ದರು. ಅವರ ಕಣ್ಣಿಗೆ ಅದು ಗೆರೆಗಳ ಆಟವಾಗಿ ಕಾಣಲು ಸಾಧ್ಯವಿರಲಿಲ್ಲ. ಒಂದು ಆಕೃತಿಯನ್ನು ಓದುವಾಗ ಅದನ್ನು ಯಾರು ನೋಡಿದರು, ಯಾವ ವರ್ಷ ನೋಡಿದರು ಎಂದು ಕೇಳಬೇಕೆಂಬ ಪಾಠ ಶಾಸನಗಳನ್ನು ಓದುವವರಿಗೂ ಬೇಕಾದದ್ದು.

ಕೆಲವು ಅಂಗಿಗಳಂತೂ ತೊಟ್ಟ ದೇಶವೇ ಇಲ್ಲದೆ ಅನಾಥವಾದವು. ಪೂರ್ವ ಜರ್ಮನಿ ತನ್ನ ಕೊನೆಯ ಪಂದ್ಯ ಆಡಿದ್ದು 1990ರ ಸೆಪ್ಟೆಂಬರ್ 12ರಂದು, ಬ್ರಸೆಲ್ಸ್‌ನಲ್ಲಿ. ಬೆಲ್ಜಿಯಂ ವಿರುದ್ಧ 2–0 ಗೆಲುವು, ಎರಡೂ ಗೋಲು ಮಥಿಯಾಸ್ ಜಾಮರ್‌ನವು. ಎರಡು ವರ್ಷದ ನಂತರ ಅದೇ ಜಾಮರ್ ಒಂದಾದ ಜರ್ಮನಿಯ ಅಂಗಿ ತೊಟ್ಟು ಯೂರೋ ಕಪ್ ಆಡಿದ. ಸೋವಿಯತ್ ಒಕ್ಕೂಟ ಅದೇ ಕಪ್‌ಗೆ ಅರ್ಹತೆ ಪಡೆದಿತ್ತು, ಆದರೆ ಆಡುವ ಹೊತ್ತಿಗೆ ಒಕ್ಕೂಟವೇ ಇರಲಿಲ್ಲ. ಸ್ವತಂತ್ರ ರಾಷ್ಟ್ರಗಳ ಕಾಮನ್‌ವೆಲ್ತ್ ಎಂಬ ಹೆಸರಿನಲ್ಲಿ ತಂಡ ಸ್ವೀಡನ್‌ಗೆ ಹೋಯಿತು, ರಾಷ್ಟ್ರಗೀತೆಯ ಜಾಗದಲ್ಲಿ ಬೀಥೊವನ್‌ನ ಒಂಬತ್ತನೆಯ ಸಿಂಫನಿ ನುಡಿಸಿದರು. ಯುಗೊಸ್ಲಾವಿಯಾದ್ದು ಇನ್ನೂ ಕಠೋರ ಕಥೆ. ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಪಡೆದಿದ್ದ ಆ ತಂಡವನ್ನು, 1992ರ ಮೇ 30ರಂದು ವಿಶ್ವಸಂಸ್ಥೆ ನಿರ್ಬಂಧ ಹೇರಿದ ಮೇಲೆ, ಕೂಟದಿಂದ ಹೊರಗಿಟ್ಟರು. ಬದಲಿಗೆ ಡೆನ್ಮಾರ್ಕಿಗೆ ಕರೆ ಹೋಯಿತು. ಕೂಟ ಶುರುವಾಗಲು ಉಳಿದಿದ್ದದ್ದು ಹತ್ತೇ ದಿನ. 1990ರಲ್ಲಿ ಕಪ್ ಗೆದ್ದಾಗ ತರಬೇತುದಾರ ಬೆಕೆನ್‌ಬಾವರ್, ಒಂದಾದ ಜರ್ಮನಿಯನ್ನು ಮುಂದೆ ವರ್ಷಗಟ್ಟಲೆ ಯಾರೂ ಸೋಲಿಸಲಾರರು ಎಂದಿದ್ದರು. ಜೂನ್ 26ರಂದು ಗೋಥೆನ್‌ಬರ್ಗ್‌ನಲ್ಲಿ ಡೆನ್ಮಾರ್ಕ್ ಆ ಜರ್ಮನಿಯನ್ನೇ 2–0ಯಿಂದ ಸೋಲಿಸಿ ಕಪ್ ಒಯ್ದಿತು.

ಇವೆಲ್ಲ ಅಂಗಿಯ ಹೊರಮೈಯ ಮಾತು. ನುರಿತ ಸಂಗ್ರಾಹಕ ಮೊದಲು ನೋಡುವುದು ಒಳಮೈಯನ್ನು. ಆ ಕಾಲದ ಹಲವು ಅಡಿಡಾಸ್ ಅಂಗಿಗಳ ಚೀಟಿಯಲ್ಲಿ ‘ಮೇಡ್ ಇನ್ ವೆಸ್ಟ್ ಜರ್ಮನಿ’ ಎಂದಿರುತ್ತದೆ. ಆ ಹೆಸರಿನ ದೇಶ ಹೋದದ್ದು 1990ರ ಅಕ್ಟೋಬರ್‌ನಲ್ಲಿ, ಹಾಗಾಗಿ ಆ ನಾಲ್ಕು ಪದ ಅಂಗಿಯ ಕಾಲಕ್ಕೆ ಒಂದು ಗಡಿ ಹಾಕಿಕೊಡುತ್ತದೆ. ಕಂಪನಿಯ ಗುರುತು ಇನ್ನೊಂದು ಸಾಕ್ಷಿ. 1972ರಿಂದ ಇದ್ದ ಮೂರೆಲೆಯ ಲಾಂಛನದ ಪಕ್ಕದಲ್ಲಿ 1991ರಿಂದ ‘ಎಕ್ವಿಪ್‌ಮೆಂಟ್’ ಎಂಬ ಹೊಸ ಗುರುತು ಬಂತು, ಹೆಗಲ ಮೇಲೆ ಮೂರು ದಪ್ಪ ಪಟ್ಟಿಗಳು ಬಂದವು. ಆ ಹೊತ್ತಿಗೆ ಕಂಪನಿಯ ಒಡೆತನವೂ ಕೈಬದಲಾಗಿತ್ತು. ವಿಶ್ವಕಪ್ ನಡೆದ ಅದೇ ಜುಲೈನಲ್ಲಿ, ಮಾರ್ಸೆ ತಂಡದ ಮಾಲೀಕನೂ ಆಗಿದ್ದ ಫ್ರಾನ್ಸಿನ ಉದ್ಯಮಿ ಬರ್ನಾರ್ಡ್ ತಾಪಿ ಅದನ್ನು ಕೊಂಡಿದ್ದ. ಮುಂದಿನ ವರ್ಷಗಳಲ್ಲಿ ತಯಾರಿಕೆಯ ಬಹುಪಾಲು ಏಷ್ಯಾದ ಕಾರ್ಖಾನೆಗಳಿಗೆ ಸರಿಯಿತು. ಒಂದು ಕಪಾಟಿನಲ್ಲಿ ಹತ್ತು ವರ್ಷಗಳ ಅಂಗಿಗಳನ್ನು ಸಾಲಾಗಿ ತೂಗುಹಾಕಿ ಚೀಟಿಗಳನ್ನಷ್ಟೇ ಓದಿದರೂ, ದುಡಿಮೆ ಯಾವ ಊರು ಬಿಟ್ಟು ಯಾವ ಊರಿಗೆ ಹೋಯಿತೆಂದು ತಿಳಿಯುತ್ತದೆ.

ಇದನ್ನೆಲ್ಲ ಮೊದಲು ಗಮನಿಸಿ ಬರೆದಿಟ್ಟವರಲ್ಲಿ ಹೆಚ್ಚಿನವರು ಹವ್ಯಾಸಿ ಸಂಗ್ರಾಹಕರು. ಅಟ್ಟದ ಮೇಲಿನ ಟ್ರಂಕಿನಿಂದ, ಹಳೆ ಬಟ್ಟೆ ಅಂಗಡಿಯಿಂದ ಹೆಕ್ಕಿ ತಂದು, ಚೀಟಿಗಳ ಫೋಟೋ ತೆಗೆದು, ಒಂದರ ಪಕ್ಕ ಒಂದಿಟ್ಟು ಹೋಲಿಸಿದರು. 2006ರಲ್ಲಿ ಮ್ಯಾಂಚೆಸ್ಟರ್‌ನ ಇಬ್ಬರು ವಿದ್ಯಾರ್ಥಿಗಳು ಹಳೆ ಜೆರ್ಸಿಗಳನ್ನು ಮಾರುವುದನ್ನೇ ವೃತ್ತಿ ಮಾಡಿಕೊಂಡ ಮೇಲೆ ಈ ಹವ್ಯಾಸಕ್ಕೊಂದು ಮಾರುಕಟ್ಟೆ ಬೆಳೆಯಿತು. 2022ರಲ್ಲಿ, 1986ರ ಇಂಗ್ಲೆಂಡ್ ಪಂದ್ಯದಲ್ಲಿ ಮರಡೋನಾ ತೊಟ್ಟಿದ್ದ ಅಂಗಿ ಲಂಡನ್ ಹರಾಜಿನಲ್ಲಿ 71 ಲಕ್ಷ ಪೌಂಡ್ ದಾಟಿತು. ಬೆಲೆ ಏರಿದಲ್ಲಿ ನಕಲಿ ಬರುತ್ತದೆ. ಇಂದು ಒಂದೇ ವಿನ್ಯಾಸದ ಅಂಗಿ ಮೂರು ಬಗೆಯಲ್ಲಿ ಸಿಗುತ್ತದೆ: ಆ ಕಾಲದ್ದು, ಕಂಪನಿಯೇ ಈಚೆಗೆ ಮತ್ತೆ ಮಾಡಿದ್ದು, ಕಂಪನಿಯ ಹೆಸರು ಕದ್ದು ಮಾಡಿದ್ದು. ನನಗೆ ಸಿಕ್ಕಿದ್ದು ಮೂರನೆಯದು.

ತಾಮ್ರಪಟ ಓದುವವರಿಗೆ ಇದು ಹಳೆಯ ಪರಿಚಯದ ಕಷ್ಟ. ತಲಕಾಡಿನ ಗಂಗರ ಹೆಸರಿನ ಹಲವು ತಾಮ್ರಪಟಗಳು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದರು, ಬಿ. ಎಲ್. ರೈಸ್ ಒಪ್ಪಲಿಲ್ಲ. ಫ್ಲೀಟರು ಹುಡುಕಿದ್ದೂ ಚೀಟಿಯನ್ನೇ ಎನ್ನಬಹುದು: ಹೇಳಿಕೊಂಡ ಕಾಲಕ್ಕೆ ಹೊಂದದ ಲಿಪಿ, ತಾಳೆಯಾಗದ ತಿಥಿ ವಾರ. ಆದರೆ ಕೂಟಶಾಸನವೆಂದು ಗೊತ್ತಾದ ಪಟವನ್ನು ಯಾವ ಸಂಶೋಧಕನೂ ಕರಗಿಸಲು ಕೊಡುವುದಿಲ್ಲ. ಅದು ಹೇಳಿಕೊಂಡ ಕಾಲಕ್ಕೆ ಸಾಕ್ಷಿಯಲ್ಲದಿದ್ದರೂ ಬರೆಸಿದ ಕಾಲಕ್ಕೆ ಸಾಕ್ಷಿ. ಯಾರಿಗೆ ಯಾವ ಭೂಮಿಯ ಮೇಲೆ ಹಕ್ಕು ಬೇಕಿತ್ತು, ಅದಕ್ಕೆ ಯಾವ ಹಳೆಯ ರಾಜನ ಹೆಸರಿಗೆ ಬೆಲೆಯಿತ್ತು ಎಂದು ಅದರಿಂದ ತಿಳಿಯುತ್ತದೆ. ನನ್ನ ನಕಲಿ ಅಂಗಿಯೂ ಹಾಗೆಯೇ. 1990ರ ಬಗ್ಗೆ ಅದರ ಮಾತು ನಂಬುವಂತಿಲ್ಲ. ಆಗ ಹುಟ್ಟಿಯೇ ಇರದ ನನ್ನಂಥವನು, ಮಾವನ ಬಾಯಲ್ಲಿ ಕೇಳಿದ ರಾತ್ರಿಯೊಂದಕ್ಕೆ ಒಂಬತ್ತು ಸಾವಿರ ಕೊಡಲು ತಯಾರಿದ್ದ ಎಂಬುದಕ್ಕೆ ಮಾತ್ರ ಅದು ಖಚಿತ ದಾಖಲೆ.

ಮಾವನಿಗೆ ಹೇಳದೆ ಇರಲಾಗಲಿಲ್ಲ. ಮರುದಿನ ಕಾಫಿ ಕುಡಿಯುತ್ತ ಚೀಟಿ ತೋರಿಸಿ ವಿವರಿಸಿದೆ. ಕನ್ನಡಕ ಏರಿಸಿ ನೋಡಿದರು. “ಇರ್ಲಿ ಬಿಡೋ. ಬಣ್ಣ ಸರಿಯಿದೆ ತಾನೆ?” ಎಂದು ಕೇಳಿದರು. ಸರಿಯಿದೆ ಮಾವ ಎಂದೆ. ಚೀಟಿಯನ್ನು ಕತ್ತರಿಸಿಬಿಡಲೇ ಎಂದದ್ದಕ್ಕೆ ಬೇಡ ಎಂದರು. ಅಂಗಿ ಈಗ ಅವರ ಬೀರುವಿನಲ್ಲಿದೆ, ಚೀಟಿಯೂ ಅದರೊಳಗೇ ಇದೆ.