ಒಕ್ಕಲಾಗುವುದು

ಮೊನ್ನೆ ಮದುವೆಯ ಮನೆಯೊಂದರ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ನಮ್ಮ ಹುಡುಗ ಆಸ್ಟ್ರೇಲಿಯಾದಲ್ಲಿ ಸೆಟ್ಲ್ ಆಗಿಬಿಟ್ಟ ಕಣ್ರೀ" ಎಂದು ತಮ್ಮ ನೆಂಟರಿಗೆ ಹೇಳುತ್ತಿದ್ದರು. ಅವರ ಸಂತೋಷಕ್ಕೆ ನನ್ನ ಆಕ್ಷೇಪವಿಲ್ಲ. ಆ ಸಂತೋಷವನ್ನು ಹೇಳಿಕೊಳ್ಳಲು ಕನ್ನಡದಲ್ಲಿ ಶಬ್ದವೇ ಇಲ್ಲವೆಂಬಂತೆ ನಾವೆಲ್ಲರೂ ನಡೆದುಕೊಳ್ಳುತ್ತಿರುವುದು ಮಾತ್ರ ನನಗೆ ಖೇದವನ್ನುಂಟುಮಾಡುತ್ತದೆ. 'ಒಕ್ಕಲಾಗು' ಎಂಬ ಮಾತು ನಮ್ಮಲ್ಲಿ ಇರಲಿಲ್ಲವೇ? ಹೊಸ ಮನೆಯನ್ನು ಹೊಗುವ ಶುಭಕಾರ್ಯವನ್ನು ಮನೆಯೊಕ್ಕಲು ಎಂದು ಕರೆದ ನಾಡಿನಲ್ಲಿ, ಕೊಡಗಿನವರು ಇಂದಿಗೂ ತಮ್ಮ ಮನೆತನವನ್ನು ಒಕ್ಕ ಎಂದೇ ಹೇಳುವ ಸೀಮೆಯ ಮಗ್ಗುಲಲ್ಲಿ, ಈ ಶಬ್ದವು ಈಗ ವೃತ್ತಪತ್ರಿಕೆಗಳ 'ಒಕ್ಕಲೆಬ್ಬಿಸುವ' ಸುದ್ದಿಗಳಲ್ಲಿ ಮಾತ್ರ ಜೀವವನ್ನು ಹಿಡಿದುಕೊಂಡಿದೆ. ಜನರನ್ನು ಎಬ್ಬಿಸುವಾಗ ನೆನಪಿಗೆ ಬರುವ ಶಬ್ದವು ಜನರು ನೆಲೆಸುವಾಗ ನೆನಪಿಗೆ ಬಾರದಿರುವುದು ಭಾಷೆಗೆ ಒಳ್ಳೆಯ ಲಕ್ಷಣವಲ್ಲ.

ಒಕ್ಕಲು ಎಂಬುದಕ್ಕೂ ಕಣದಲ್ಲಿ ತೆನೆಯನ್ನು ಒಕ್ಕುವುದಕ್ಕೂ ನಿಘಂಟುಕಾರರು ಯಾವ ನಂಟನ್ನು ಕಲ್ಪಿಸಿದರೂ ಕಲ್ಪಿಸದಿದ್ದರೂ, ಅವೆರಡೂ ಒಂದೇ ಬೇರಿನ ಚಿಗುರುಗಳೆಂದು ನಾನು ಬಹುಕಾಲದಿಂದ ನಂಬಿದವನು. ನೆಲವನ್ನು ಕ್ರಯಕ್ಕೆ ಪಡೆದವನು ಒಡೆಯನಾದಾನು. ಅದರ ಬೆಳೆಯನ್ನು ಆ ಊರಿನವರೊಡನೆ ಕೂಡಿ ಒಕ್ಕಿದವನು ಮಾತ್ರ ಒಕ್ಕಲಾಗುತ್ತಾನೆ. ದೇವರಿಗೂ ಒಕ್ಕಲುಗಳುಂಟೆಂಬುದು ನನ್ನ ಮತಕ್ಕೆ ಇನ್ನೊಂದು ಆಧಾರ: ಮಲೆಯ ಮಾದಪ್ಪನಿಗೂ ಮಂಟೇಸ್ವಾಮಿಗೂ ನಡೆದುಕೊಳ್ಳುವ ಹಲವು ಜಾತಿಗಳ ಮನೆಗಳು ತಮ್ಮನ್ನು ಆ ಸ್ವಾಮಿಯ ಒಕ್ಕಲೆಂದು ಹೇಳಿಕೊಳ್ಳುವಾಗ, ಆ ಶಬ್ದದಲ್ಲಿ ಭೂಮಿಯ ಮಾತಿಗಿಂತ ಬಾಂಧವ್ಯದ ಮಾತೇ ಮುಂದಾಗಿರುತ್ತದೆ.

ಇದನ್ನು ನಮ್ಮ ಹಳ್ಳಿಯ ಹೆಂಗಸರು ಪಂಡಿತರಿಗಿಂತ ಚೆನ್ನಾಗಿ ಬಲ್ಲವರು. "ಊರಿಗೆ ಬಂದವಳು ನೀರಿಗೆ ಬಾರದಿರುವಳೇ" ಎಂಬ ಗಾದೆಯನ್ನು ಈಗ ಹಗೆಯ ಮಾತಾಗಿ, ಸಿಕ್ಕಿಯೇ ಸಿಗುವಳೆಂಬ ಬೆದರಿಕೆಯಾಗಿ ಆಡುವವರೇ ಹೆಚ್ಚು. ಆದರೆ ಆ ಗಾದೆಯನ್ನು ಸ್ವಲ್ಪ ನಿಧಾನವಾಗಿ ನೋಡಿರಿ. ಮದುವೆಯಾಗಿ ಬಂದ ಸೊಸೆಯು ತನ್ನ ತವರಿನ ಸಿರಿಯನ್ನು ಎಷ್ಟೇ ಹೊತ್ತು ತಂದಿರಲಿ, ಮನೆಯೊಳಗೆ ಎಷ್ಟೇ ದಿನ ಬಾಗಿಲಿಕ್ಕಿಕೊಂಡಿರಲಿ, ಕೊಡವನ್ನು ಹಿಡಿದು ಬಾವಿಯ ಕಟ್ಟೆಗೆ ಬಂದ ದಿನವೇ ಅವಳ ನಡೆ, ನುಡಿ, ಗೋತ್ರ, ಗುಣಗಳೆಲ್ಲ ಊರಿಗೆ ತಿಳಿಯುವುದು; ಊರಿನ ಸುಖದುಃಖಗಳು ಅವಳಿಗೆ ತಿಳಿಯುವುದೂ ಅಲ್ಲಿಯೇ. ಒಬ್ಬಳ ಹಗ್ಗವನ್ನು ಇನ್ನೊಬ್ಬಳು ಕೇಳಬೇಕು, ಕೊಡವನ್ನು ತಲೆಗೆ ಎತ್ತಿಕೊಡಲು ಪಕ್ಕದವಳ ಕೈ ಬೇಕು. ಊರಿಗೆ ಬರುವುದು ಪ್ರಯಾಣ, ನೀರಿಗೆ ಬರುವುದು ಒಕ್ಕಲುತನ. ಅದೇ ಕಟ್ಟೆಯಿಂದ ಕೆಲವರನ್ನು ದೂರವಿಟ್ಟ ಊರುಗಳು ಆ ಮಟ್ಟಿಗೆ ತಮ್ಮ ಗಾದೆಗೆ ತಾವೇ ದ್ರೋಹ ಬಗೆದವುಗಳು.

ಪಂಕ್ತಿಯಲ್ಲಿ ಆಸ್ಟ್ರೇಲಿಯಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ನನ್ನ ಮನಸ್ಸಿಗೆ ಬಂದವರು, ಆ ದೇಶವನ್ನೇ ತೊರೆದು ಭೂಲೋಕದಲ್ಲಿ ಸ್ವರ್ಗವನ್ನು ಕಟ್ಟಹೊರಟು, ನೀರಿಗೆ ಬರಲು ಒಪ್ಪದ ಜನ. 1891ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕುರಿಯ ಉಣ್ಣೆ ಕತ್ತರಿಸುವ ಕೂಲಿಕಾರರು ಮುಷ್ಕರ ಹೂಡಿ ಸೋತು, ಅವರ ನಾಯಕರು ಸೆರೆಮನೆ ಸೇರಿದಾಗ, ವಿಲಿಯಂ ಲೇನ್ ಎಂಬ ಪತ್ರಕರ್ತನು ಹಳೆಯ ಸಮಾಜವನ್ನು ತಿದ್ದುವುದಕ್ಕಿಂತ ಹೊಸದನ್ನು ಕಟ್ಟುವುದೇ ಲೇಸೆಂದು ಬಗೆದನು. ದಕ್ಷಿಣ ಅಮೆರಿಕದ ಪರಾಗ್ವೇ ದೇಶವು 1864ರಿಂದ 1870ರ ವರೆಗಿನ ಘೋರ ಯುದ್ಧದಲ್ಲಿ ತನ್ನ ಗಂಡಸರಲ್ಲಿ ಬಹುಪಾಲನ್ನು ಕಳೆದುಕೊಂಡು, ಬೀಳುಬಿದ್ದ ನೆಲಕ್ಕೆ ಒಕ್ಕಲನ್ನು ಹುಡುಕುತ್ತಿತ್ತು. ಲೇನನಿಗೆ ನೆಲವು ದೊರೆಯಿತು. 1893ರ ಜುಲೈ 16ರಂದು 'ರಾಯಲ್ ಟಾರ್' ಎಂಬ ಹಡಗು ಸುಮಾರು 220 ಜನರನ್ನು ಹೊತ್ತು ಸಿಡ್ನಿಯಿಂದ ಹೊರಟಿತು. ತಮ್ಮ ಗಳಿಕೆಯನ್ನು ಸಂಘದ ನಿಧಿಗೆ ಒಪ್ಪಿಸಿ, ಎಲ್ಲರ ದುಡಿಮೆಯೂ ಎಲ್ಲರದು ಎಂಬ ವ್ರತವನ್ನು ಹಿಡಿದ ಅವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ 'ನವ ಆಸ್ಟ್ರೇಲಿಯಾ' ಎಂದು ಹೆಸರಿಟ್ಟುಕೊಂಡ ಆ ವಸಾಹತಿನ ಕಟ್ಟಳೆಗಳಲ್ಲಿ ಮದ್ಯನಿಷೇಧದೊಡನೆ ವರ್ಣನಿಷೇಧವೂ ಇದ್ದಿತು. ಸಮಾನತೆಯು ಬಿಳಿಯರೊಳಗಿನ ಸಮಾನತೆ. ನೆರೆಯ ಗ್ವಾರಾನಿ ನುಡಿಯ ಜನರೊಡನೆ, ಅದರಲ್ಲಿಯೂ ಅವರ ಹೆಂಗಸರೊಡನೆ, ಬೆರೆಯುವುದು ನಿಷಿದ್ಧ. ಒಂದೇ ಸೋರೆಬುರುಡೆಯಲ್ಲಿ ತುಂಬಿದ 'ಮಾತೆ' ಎಂಬ ಎಲೆಯ ಕಷಾಯವನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಒಂದೇ ಕೊಳವೆಯಿಂದ ಹೀರುವುದು ಯಾವ ನಾಡಿನ ನಿತ್ಯದ ಮರ್ಯಾದೆಯೋ, ಆ ನಾಡಿನಲ್ಲಿ ಈ ಕಟ್ಟಳೆ.

ಪರಿಣಾಮವು ಶೀಘ್ರವಾಗಿಯೇ ಒದಗಿತು. ವರ್ಷ ತಿರುಗುವುದರೊಳಗೆ ಕುಡಿದರೆಂಬ ಅಪರಾಧಕ್ಕಾಗಿ ಲೇನನು ತನ್ನ ಸಂಗಡಿಗರಲ್ಲಿ ಕೆಲವರನ್ನು ಒಕ್ಕಲೆಬ್ಬಿಸಿದನು. ಅವರನ್ನು ಅನುಸರಿಸಿ ಇನ್ನೂ ಅನೇಕರು ಹೊರಟುಹೋದರು. 1894ರಲ್ಲಿ ಅವನೇ ಸುಮಾರು 60 ಮಂದಿ ನಿಷ್ಠರೊಡನೆ ಬೇರೆಯಾಗಿ ಕೋಸ್ಮೆ ಎಂಬ ಇನ್ನೊಂದು ನೆಲೆಯನ್ನು ಹೂಡಿದನು. ಮುಂದೆ ಕವಯಿತ್ರಿಯಾಗಿ ಹೆಸರಾಂತ ಮೇರಿ ಗಿಲ್ಮೋರ್ ಅಲ್ಲಿ ಶಾಲೆಯ ಉಪಾಧ್ಯಾಯಿನಿಯಾಗಿದ್ದಳು. ಇಂದು ಆಸ್ಟ್ರೇಲಿಯಾದ ಹತ್ತು ಡಾಲರಿನ ನೋಟಿನ ಮೇಲೆ ಅವಳ ಚಿತ್ರವಿದೆ. 1899ರಲ್ಲಿ ಲೇನನೂ ಕೋಸ್ಮೆಯನ್ನು ಬಿಟ್ಟು, ನ್ಯೂಜಿಲೆಂಡಿನಲ್ಲಿ ಸಂಪ್ರದಾಯಪಕ್ಷದ ಪತ್ರಿಕೆಯೊಂದರ ಲೇಖಕನಾಗಿ, ಅದರ ಸಂಪಾದಕನಾಗಿ, 1917ರಲ್ಲಿ ತೀರಿಕೊಂಡನು. ನವ ಆಸ್ಟ್ರೇಲಿಯಾದಲ್ಲಿ ಉಳಿದವರು ಸಮಷ್ಟಿಯ ವ್ರತವನ್ನು ಬಿಟ್ಟು ನೆಲವನ್ನು ಹಂಚಿಕೊಂಡರು, ನೆರೆಯವರಲ್ಲಿ ಕೊಟ್ಟುತಂದು ಮಾಡಿದರು, ಮಕ್ಕಳಿಗೆ ಗ್ವಾರಾನಿಯನ್ನು ಆಡಗೊಟ್ಟರು. ಲೇನನ ಲೆಕ್ಕದಲ್ಲಿ ಅದು ಪತನ. ನನ್ನ ಲೆಕ್ಕದಲ್ಲಿ ಅವರು ಒಕ್ಕಲಾದುದು ಅಂದೇ.

ಪರದೇಶಗಳಲ್ಲಿರುವ ನಮ್ಮ ಮಕ್ಕಳು ಅಲ್ಲಿಯ ನೆರೆಯವರ ನೋವುನಲಿವುಗಳಿಗೆ ಸಲ್ಲುವವರಾದಾಗ ಅವರು ಒಕ್ಕಲಾದರೆಂದು ಹೇಳೋಣ. ಅದಕ್ಕೆ ಮುನ್ನ ಅವರು ಅಲ್ಲಿದ್ದಾರೆ ಎಂದರೆ ಸಾಕು. ಪತ್ರಿಕೆಗಳವರಲ್ಲಿಯೂ ನನ್ನದೊಂದು ವಿಜ್ಞಾಪನೆ: ಒಕ್ಕಲೆಬ್ಬಿಸಿದ ವಾರ್ತೆಯನ್ನು ಬರೆಯುವಷ್ಟೇ ಆಸ್ಥೆಯಿಂದ, ಎಲ್ಲಾದರೂ ಯಾರಾದರೂ ಒಕ್ಕಲಾದ ವಾರ್ತೆಯನ್ನೂ ಅದೇ ಶಬ್ದದಲ್ಲಿ ಬರೆಯಿರಿ.