ನಾಯಕನ ಅಗಲಿಕೆಯೇ ನಾಯಕತ್ವದ ಪರೀಕ್ಷೆ: ಮೈಸೂರು ಮಿಷನ್ನಿನ ಚರಿತ್ರೆಯ ಬೆಳಕಿನಲ್ಲಿ ಒಂದು ವಿವೇಚನೆ

ಪೀಠಿಕೆ

ನಾಯಕತ್ವವನ್ನು ವ್ಯಾಖ್ಯಾನಿಸಲು ಯತ್ನಿಸಿದವರು ಎಷ್ಟು ಮಂದಿಯೋ ವ್ಯಾಖ್ಯೆಗಳೂ ಹೆಚ್ಚುಕಡಿಮೆ ಅಷ್ಟೇ ಇವೆ ಎಂಬ ಮಾತು ಈ ಕ್ಷೇತ್ರದ ವಿದ್ವಾಂಸರಲ್ಲಿ ರೂಢಿಯಲ್ಲಿದೆ. ಆದರೂ ಇಂದು ಬಹುಮಟ್ಟಿಗೆ ಒಪ್ಪಿತವಾಗಿರುವ ವ್ಯಾಖ್ಯೆಯೊಂದುಂಟು: ಸಮೂಹವೊಂದು ತನ್ನೆಲ್ಲರಿಗೂ ಸಮಾನವಾದ ಗುರಿಯತ್ತ ಸಾಗುವಂತೆ ಒಬ್ಬ ವ್ಯಕ್ತಿ ಅದರ ಮೇಲೆ ಪ್ರಭಾವ ಬೀರುವ ಪ್ರಕ್ರಿಯೆಯೇ ನಾಯಕತ್ವ. ಈ ವ್ಯಾಖ್ಯೆಯಲ್ಲಿ ಪದವಿಯ ಮಾತಿಲ್ಲ. ಸಮೂಹವಿಲ್ಲದೆ ನಾಯಕನಿಲ್ಲ ಎಂಬ ಒಪ್ಪಿಗೆ ಮಾತ್ರ ಇದೆ. ಗುರುದೀಕ್ಷೆಯೊಡನೆ ನಾಯಕತ್ವವೂ ತಾನಾಗಿ ಬಂದುಬಿಡುತ್ತದೆಂದು ಭಾವಿಸುವ ನಮಗೆ ಇದು ಮೊದಲ ಎಚ್ಚರಿಕೆ. ದೀಕ್ಷೆ ನಮಗೆ ಅಧಿಕಾರವನ್ನೂ ಕರ್ತವ್ಯವನ್ನೂ ಕೊಡುತ್ತದೆ. ಜನರೊಡನೆ ಏರ್ಪಡಬೇಕಾದ ಸಂಬಂಧವನ್ನು ನಾವೇ ಬೆಳೆಸಬೇಕು.

ನಾಯಕತ್ವವನ್ನು ವಿವರಿಸುವ ಪ್ರಮುಖ ದೃಷ್ಟಿಗಳನ್ನು ನಮ್ಮದೇ ನಾಡಿನ ಧರ್ಮಸಭೆಯ ಚರಿತ್ರೆಯ ಒಂದು ಕಾಲಘಟ್ಟಕ್ಕೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ಆ ಕಾಲಘಟ್ಟ 1784ರಿಂದ 1823ರವರೆಗಿನದು.

ಚರಿತ್ರೆಯ ಹಿನ್ನೆಲೆ

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. 1773ರಲ್ಲಿ ಯೇಸುಸಭೆ ವಿಸರ್ಜಿತವಾದ ಬಳಿಕ ಆ ಹೊಣೆ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಗೆ ಬಂದಿತು. ಹೊಣೆ ಬದಲಾದ ಈ ದುರ್ಬಲ ಕಾಲದಲ್ಲೇ ದೊಡ್ಡ ಆಘಾತ ಸಂಭವಿಸಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಕರಾವಳಿಯ ಗುರುಗಳನ್ನು ಹೊರಹಾಕಲಾಯಿತು. ಅನೇಕ ದೇವಾಲಯಗಳು ನೆಲಸಮವಾದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗುವವರೆಗೆ, ಅಂದರೆ ಹದಿನೈದು ವರ್ಷಗಳ ಕಾಲ, ಆ ಜನ ಸೆರೆಯಲ್ಲಿದ್ದರು.

ಚದುರಿಹೋಗಿದ್ದ ಈ ಸಮುದಾಯವನ್ನು ಮರಳಿ ಕಟ್ಟಲು ಬಂದವರು ಅಬ್ಬೆ ಜಾನ್ ಅಂತ್ವಾನ್ ದ್ಯುಬುವಾ. 1766ರಲ್ಲಿ ಫ್ರಾನ್ಸಿನಲ್ಲಿ ಜನಿಸಿ, 1792ರಲ್ಲಿ ಭಾರತಕ್ಕೆ ಹೊರಟುಬಂದ ಅವರು ಇಲ್ಲಿನವರ ಉಡುಗೆ ತೊಟ್ಟರು, ಇಲ್ಲಿನ ಆಹಾರ ಉಂಡರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕುವ ವಿಧಾನ ಈ ನಾಡಿಗೆ ಹೊಸದಾಗಿದ್ದಾಗಲೇ ಕೆಲವೇ ತಿಂಗಳುಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿಗೆ ಅದನ್ನು ಹಾಕಿಸಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಮುಂದೆ ತಮ್ಮ ಸಂಸ್ಥೆಯ ಶ್ರೇಷ್ಠರೂ ಆಗಿ 1848ರಲ್ಲಿ ನಿಧನರಾದರು.

ಗುಣ, ಶೈಲಿ, ಸಂದರ್ಭ

ನಾಯಕತ್ವದ ಅತ್ಯಂತ ಹಳೆಯ ದೃಷ್ಟಿ ಗುಣಪ್ರಧಾನವಾದುದು. ಲೋಕದ ಚರಿತ್ರೆಯೆಂದರೆ ಮಹಾಪುರುಷರ ಚರಿತ್ರೆ ಎಂದು 1840ರ ಉಪನ್ಯಾಸಗಳಲ್ಲಿ ವಾದಿಸಿದ ಥಾಮಸ್ ಕಾರ್ಲೈಲ್ ಇದರ ಪ್ರಸಿದ್ಧ ಪ್ರತಿಪಾದಕ. ಈ ದೃಷ್ಟಿಗೆ ದ್ಯುಬುವಾ ಉತ್ತಮ ನಿದರ್ಶನ: ಧೈರ್ಯ, ಪರಿಶ್ರಮ, ಭಾಷಾಜ್ಞಾನ, ಸರಳತೆ ಎಲ್ಲವೂ ಅವರಲ್ಲಿದ್ದವು. ಆದರೆ ಗುಣಗಳಷ್ಟೇ ಯಾರನ್ನೂ ನಾಯಕನನ್ನಾಗಿ ಮಾಡಲಾರವು, ಅವು ಸಂದರ್ಭಕ್ಕೆ ಹೊಂದಬೇಕು ಎಂದು ರಾಲ್ಫ್ ಸ್ಟಾಗ್ಡಿಲ್ 1948ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಪರಾಮರ್ಶಿಸಿ ತೋರಿಸಿದರು. 1967ರಲ್ಲಿ ಫ್ರೆಡ್ ಫೀಡ್ಲರ್ ಇದನ್ನೇ ಸಿದ್ಧಾಂತವಾಗಿ ಬೆಳೆಸಿದರು. ಯುದ್ಧ ಮುಗಿದ, ನೆಲೆ ಕಳೆದುಕೊಂಡ ಜನರ ನಡುವೆ ದ್ಯುಬುವಾ ಅವರ ಗುಣಗಳು ಫಲಿಸಿದುದನ್ನು ಈ ಸಂದರ್ಭಪ್ರಧಾನ ದೃಷ್ಟಿ ಇನ್ನೂ ಚೆನ್ನಾಗಿ ವಿವರಿಸುತ್ತದೆ.

ಮೂರನೆಯದು ಶೈಲಿಯ ದೃಷ್ಟಿ. ಕರ್ಟ್ ಲೆವಿನ್ ಮತ್ತು ಸಂಗಡಿಗರು 1939ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮುಖ್ಯ. ಬಾಲಕರ ಗುಂಪುಗಳಿಗೆ ನಿರಂಕುಶ, ಪ್ರಜಾಸತ್ತಾತ್ಮಕ ಮತ್ತು ನಿರ್ಲಿಪ್ತ ಎಂಬ ಮೂರು ಬಗೆಯ ನಾಯಕರನ್ನು ಒದಗಿಸಿ ಪರಿಣಾಮವನ್ನು ಗಮನಿಸಲಾಯಿತು. ನಾಯಕ ಕೋಣೆಯಲ್ಲಿರುವಷ್ಟು ಹೊತ್ತು ನಿರಂಕುಶ ಗುಂಪಿನ ಕೆಲಸ ಚೆನ್ನಾಗಿಯೇ ನಡೆಯಿತು. ಆತ ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಪ್ರಜಾಸತ್ತಾತ್ಮಕ ಗುಂಪು ಮಾತ್ರ ನಾಯಕನಿಲ್ಲದಾಗಲೂ ಬಹುಮಟ್ಟಿಗೆ ಹಿಂದಿನಂತೆಯೇ ದುಡಿಯಿತು. ನಾಯಕ ಎದುರಿಗಿರುವಾಗ ಕಾಣದ ವ್ಯತ್ಯಾಸ ಆತ ಹೊರನಡೆದಾಗ ಕಂಡಿತು.

ಸೆರೆಯ ವರ್ಷಗಳ ಪ್ರಶ್ನೆ

ಈ ಅಳತೆಗೋಲನ್ನು ಹಿಡಿದು 1784ರಿಂದ 1799ರವರೆಗಿನ ವರ್ಷಗಳತ್ತ ನೋಡೋಣ. ದ್ಯುಬುವಾ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಸೆರೆಯಾಳುಗಳನ್ನು ಕುರಿತು ಕಠಿಣವಾಗಿ ಬರೆದರು: ಅಷ್ಟು ಜನರಲ್ಲಿ ಒಬ್ಬರಾದರೂ ರಕ್ತಸಾಕ್ಷಿಯಾಗುವ ಧೈರ್ಯ ತೋರಲಿಲ್ಲವೆಂಬುದು ಅವರ ಆಕ್ಷೇಪ. ಹಿಂದೂಗಳ ಮತಾಂತರ ಅಸಾಧ್ಯವೆಂಬ ನಿರಾಶೆಯ ತೀರ್ಪನ್ನೂ ಅವರು ಅಲ್ಲಿಯೇ ಕೊಟ್ಟರು.

ಆದರೆ ಚರಿತ್ರೆ ಹೇಳಿದ್ದೇ ಬೇರೆ. ಸೆರೆ ಬಿಟ್ಟೊಡನೆ ಬಹುಸಂಖ್ಯೆಯ ಜನ ಕರಾವಳಿಗೆ ಮರಳಿ ತಮ್ಮ ಧರ್ಮಕೇಂದ್ರಗಳನ್ನು ಮತ್ತೆ ಕಟ್ಟಿದರು. ದ್ಯುಬುವಾ ಕೈಬಿಟ್ಟು ಹೋದ ಮೈಸೂರು ಮಿಷನ್ 1850ರಲ್ಲಿ ಸ್ವತಂತ್ರ ಪ್ರೇಷಿತ ಪ್ರಾಂತವಾಯಿತು, 1886ರಲ್ಲಿ ಧರ್ಮಕ್ಷೇತ್ರವಾಯಿತು. ನಿಯತವಾದ ಬಲಿಪೂಜೆಯಾಗಲಿ ಸಂಸ್ಕಾರಗಳಾಗಲಿ ದೊರೆಯದ ಹದಿನೈದು ವರ್ಷಗಳ ನಂತರವೂ ಮರಳಿ ಬರುವಷ್ಟು ನೆನಪು ಆ ಜನರಲ್ಲಿ ಉಳಿದಿತ್ತೆಂದರೆ, ಅದನ್ನು ಯಾರೋ ಉಳಿಸಿರಲೇಬೇಕು. ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಟ್ಟ ತಾಯಿ, ಸಾಯುವವರ ಬಳಿ ಕುಳಿತ ಹಿರಿಯರು ಎಂದು ನಾವು ಊಹಿಸಬಹುದೇ ಹೊರತು, ಅವರ ಹೆಸರನ್ನು ಹೇಳಲಾರೆವು. ಮಹಾಪುರುಷರನ್ನು ಹುಡುಕುವ ಕಣ್ಣಿಗೆ ಅವರು ಕಾಣಲಿಲ್ಲ. ದ್ಯುಬುವಾ ಅವರಂತಹ ಸೂಕ್ಷ್ಮದರ್ಶಿಗೂ ಕಾಣದೆ ಹೋದದ್ದು ವಿಷಾದದ ಸಂಗತಿ.

ಸೇವಕನೇ ನಾಯಕ

ಇಂತಹವರನ್ನು ಕಾಣುವ ಕಣ್ಣನ್ನು ಆಧುನಿಕ ನಾಯಕತ್ವ ಚಿಂತನೆಗೆ ಕೊಟ್ಟವರು ರಾಬರ್ಟ್ ಗ್ರೀನ್‌ಲೀಫ್. 1970ರ ತಮ್ಮ ಪ್ರಬಂಧದಲ್ಲಿ ಅವರು, ಮೊದಲು ಸೇವಕನಾದವನೇ ನಿಜವಾದ ನಾಯಕ ಎಂದರು. ಈ ವಿಚಾರಕ್ಕೆ ಅವರಿಗೆ ಪ್ರೇರಣೆಯಾದದ್ದು ಹರ್ಮನ್ ಹೆಸ್ಸೆಯವರ ಕಾದಂಬರಿ ‘ಪೂರ್ವದೇಶದ ಪಯಣ’. ಅದರಲ್ಲಿ ಲಿಯೊ ಎಂಬ ಸೇವಕ ಕಣ್ಮರೆಯಾದೊಡನೆ ಯಾತ್ರಿಕರ ತಂಡ ಒಡೆದು ಚದುರುತ್ತದೆ. ಆತನೇ ಆ ಸಂಘದ ನಿಜವಾದ ಮುಖ್ಯಸ್ಥನೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಹೆಸ್ಸೆಯವರ ತಂದೆ ಯೊಹಾನೆಸ್ ಹೆಸ್ಸೆ ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಸೇವೆಯಲ್ಲಿದ್ದವರೆಂಬುದು ಇಲ್ಲಿ ನೆನೆಯತಕ್ಕದ್ದು.

ಶ್ರೀರಂಗಪಟ್ಟಣದ ಜನ ಲಿಯೊನ ತಂಡದಂತೆ ಒಡೆದುಹೋಗಲಿಲ್ಲ. ಗುರುಗಳು ಹೋದರೂ ಲಿಯೊ ಅವರ ನಡುವೆಯೇ ಉಳಿದಿದ್ದನು. ಜೇಮ್ಸ್ ಮೆಗ್ರೆಗರ್ ಬರ್ನ್ಸ್ 1978ರಲ್ಲಿ ಮಂಡಿಸಿದ ಪರಿವರ್ತಕ ನಾಯಕತ್ವದ ಸಿದ್ಧಾಂತವೂ ಇದಕ್ಕೆ ಸಮೀಪವಾದುದು: ಅನುಯಾಯಿಗಳೂ ನಾಯಕರಾಗಿ ಬೆಳೆಯುವಲ್ಲಿ ನಾಯಕತ್ವ ಸಾರ್ಥಕವಾಗುತ್ತದೆ.

ಜಡಿಗೇನಹಳ್ಳಿ ಸೇರಿದಂತೆ ಹೊಸಕೋಟೆ ಸೀಮೆಯ ಜನರಿಗೆ ಇದು ಹೊಸ ಮಾತಲ್ಲ. ಈ ಬಯಲುಸೀಮೆ ಕೆರೆಗಳ ನಾಡು. ಹಳ್ಳಿಯ ಆಯಗಾರರಲ್ಲಿ ಗೌಡನಿಗೆ ಅಧಿಕಾರ, ಶಾನುಭೋಗನಿಗೆ ಲೆಕ್ಕಪತ್ರ. ಆದರೆ ತೂಬು ತೆರೆದು ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದವನು ನೀರಗಂಟಿ. ಸಮಾಜ ಕೆಳಗಿಟ್ಟ ಜಾತಿಗಳಿಂದಲೇ ಹೆಚ್ಚಾಗಿ ಬಂದವನು ಅವನು. ಸುಗ್ಗಿಯಲ್ಲಿ ದೊರೆಯುವ ಆಯವೇ ಅವನ ಕೂಲಿ. ಮಳೆ ಕೈಕೊಟ್ಟ ವರ್ಷ ಇದ್ದಷ್ಟು ನೀರನ್ನು ಪಕ್ಷಪಾತವಿಲ್ಲದೆ ಹಂಚುವ ಅವನ ಮೇಲೆ ಊರಿನ ಶಾಂತಿಯೇ ನಿಂತಿರುತ್ತಿತ್ತು. ಅವನನ್ನು ಯಾರೂ ನಾಯಕನೆಂದು ಕರೆಯಲಿಲ್ಲ. ಅವನ ಸೇವೆಯನ್ನು ಹೊಗಳುವಾಗ, ಆ ಸೇವೆಯನ್ನು ಹುಟ್ಟಿನಿಂದಲೇ ಅವನ ಮೇಲೆ ಹೇರಿದ ಅನ್ಯಾಯವನ್ನು ನಾವು ಮರೆಯಬಾರದು. ಸುವಾರ್ತೆ ಕೇಳುವ ಸೇವೆ ಸ್ವಇಚ್ಛೆಯಿಂದ ಒಪ್ಪಿಕೊಂಡದ್ದು. ಅದನ್ನು ಮೊದಲು ಒಪ್ಪಬೇಕಾದವರು ಮೇಲಿರುವವರು.

ಧರ್ಮಗ್ರಂಥದ ಸಾಕ್ಷ್ಯ

ಮಾರ್ಕನ ಶುಭಸಂದೇಶ (10:42-45) ಲೋಕದ ಅಧಿಪತಿಗಳ ದಬ್ಬಾಳಿಕೆಯನ್ನೂ ಶಿಷ್ಯರ ಸೇವೆಯನ್ನೂ ಎದುರುಬದುರು ನಿಲ್ಲಿಸುತ್ತದೆ. ಸಂತ ಪೌಲರು ವರದಾನಗಳ ಪಟ್ಟಿಯಲ್ಲಿ (1 ಕೊರಿಂಥ 12:28) ಆಡಳಿತಕ್ಕೆ ಬಳಸುವ ಗ್ರೀಕ್ ಪದ ‘ಕುಬೆರ್ನೇಸಿಸ್’. ಅದರ ಮೂಲಾರ್ಥ ಚುಕ್ಕಾಣಿ ಹಿಡಿಯುವ ಕೆಲಸ. ಚುಕ್ಕಾಣಿಗನಿಗೆ ದೋಣಿಯವರೆಲ್ಲರೊಡನೆ ಒಂದೇ ಗತಿ. ಎಲ್ಲಕ್ಕಿಂತ ಮಿಗಿಲಾಗಿ, ತಾವು ಹೋಗುವುದೇ ಶಿಷ್ಯರಿಗೆ ಹಿತವೆಂದು ಯೇಸುಸ್ವಾಮಿ ಹೇಳಿದರು (ಯೊವಾನ್ನ 16:7). ಪವಿತ್ರಾತ್ಮರು ಬಂದು ಅವರನ್ನು ಮುನ್ನಡೆಸುವರೆಂಬ ಭರವಸೆ ಅದರೊಡನಿತ್ತು. ಪೌಲರೂ ಒಂದೊಂದು ಸಭೆಯಲ್ಲಿ ಹಿರಿಯರನ್ನು ನೇಮಿಸಿ ಮುಂದಕ್ಕೆ ನಡೆದರು (ಪ್ರೇಷಿತರ ಕಾರ್ಯಕಲಾಪಗಳು 14:23). ಶ್ರೀಸಾಮಾನ್ಯರ ಮಾತಿಗೆ ಕಿವಿಗೊಟ್ಟು, ಅವರ ವರದಾನಗಳನ್ನು ಗುರುತಿಸಿ, ಹೊಣೆಯನ್ನು ನಂಬಿಕೆಯಿಂದ ವಹಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಗುರುಗಳಿಗೆ ಬೋಧಿಸಿದ್ದು ಈ ಪರಂಪರೆಯ ಮುಂದುವರಿಕೆಯೇ.

ಸಮಾರೋಪ

ನಾಯಕನು ಇರುವಾಗ ನಡೆದದ್ದು ಆತನ ಸಾಮರ್ಥ್ಯವನ್ನು ಹೇಳಬಹುದು; ಆತನು ಹೋದ ಮೇಲೆ ಉಳಿದದ್ದು ಆತನ ನಾಯಕತ್ವವನ್ನು ಹೇಳುತ್ತದೆ. ವರ್ಗಾವಣೆ ನಮ್ಮ ಬದುಕಿನ ನಿತ್ಯಸತ್ಯ. ಆದುದರಿಂದ ಧರ್ಮಕೇಂದ್ರವೊಂದಕ್ಕೆ ಕಾಲಿಟ್ಟ ದಿನವೇ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ನಾನು ಒಂದು ತಿಂಗಳು ಇಲ್ಲದಿದ್ದರೆ ಇಲ್ಲಿ ಪ್ರಾರ್ಥನೆ ನಡೆಸುವವರು ಯಾರು? ರೋಗಿಗಳನ್ನು ನೋಡಿಬರುವವರು ಯಾರು? ಮಕ್ಕಳಿಗೆ ಉಪದೇಶ ಹೇಳುವವರು ಯಾರು? ಉತ್ತರ ದೊರೆಯದಿದ್ದರೆ, ಅವರನ್ನು ಸಿದ್ಧಗೊಳಿಸುವುದೇ ನಮ್ಮ ಮೊದಲ ಕೆಲಸ. ಉತ್ತರ ದೊರೆತರೆ, ಆ ಉಪದೇಶಿಗಳ, ತಾಯಂದಿರ, ಹಿರಿಯರ ಹೆಸರುಗಳನ್ನು ಧರ್ಮಕೇಂದ್ರದ ದಿನಚರಿ ಪುಸ್ತಕದಲ್ಲಿ ಬರೆದಿಡೋಣ. ಶ್ರೀರಂಗಪಟ್ಟಣದ ಸೆರೆಯಲ್ಲಿ ವಿಶ್ವಾಸವನ್ನು ಕಾಯ್ದವರಿಗೆ ಆ ನ್ಯಾಯ ಸಲ್ಲಲಿಲ್ಲ. ನಮ್ಮ ಕಾಲದವರಿಗಾದರೂ ಸಲ್ಲಲಿ.